ಡ್ರೈವರ್ ಒಳಗಿನ ಇನ್_ಇಂಟರಪ್ಟ್ ಚೆಕ್‌ಗಳನ್ನು ತೆಗೆದುಬಿಡಬಹುದಾ?

ಫೌಂಡ್ರಿ_ಹುಡುಗ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಉದ್ಯಮಬಾಗದ ಒಂದು ಸಣ್ಣ ಕಂಪನಿಯಲ್ಲಿದ್ದೇನೆ. ಇಲ್ಲಿನ ಫೌಂಡ್ರಿಗಳಿಗೆ ಭಟ್ಟಿಯ ಉಷ್ಣತೆ ಅಳೆಯುವ ಬೋರ್ಡ್ ಮಾಡುತ್ತೇವೆ. ಥರ್ಮೋಕಪಲ್‌ನಿಂದ ಬಂದದ್ದನ್ನು ಬೋರ್ಡ್ ಓದುತ್ತದೆ, ಯುಎಸ್‌ಬಿ ಕೇಬಲ್ ಮೂಲಕ ಪಕ್ಕದ ಲಿನಕ್ಸ್ ಪೆಟ್ಟಿಗೆಗೆ ಕೊಡುತ್ತದೆ. ಬೋರ್ಡ್ ಜೊತೆ ಮಾತಾಡಲು ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ ಓಡುವ ಡ್ರೈವರ್ ನಮ್ಮದೇ. ಅದನ್ನು ಬರೆದವರು ಕೆಲಸ ಬಿಟ್ಟು ನಾಲ್ಕು ವರ್ಷ ಆಯಿತು. ಈಗ ಅದರ ಜವಾಬ್ದಾರಿ ನನ್ನದು.

ಹಳೆಯ 4.19 ಕರ್ನಲ್‌ನಿಂದ 6.12ಕ್ಕೆ ಹೋಗುತ್ತಿದ್ದೇವೆ. 6.12ರಲ್ಲಿ ರಿಯಲ್‌ಟೈಮ್ ಪ್ಯಾಚ್ (ಕೆಲಸ ಗೊತ್ತಾದ ಹೊತ್ತಿಗೆ ಆಗುವಂತೆ ಮಾಡುವುದು) ಮುಖ್ಯ ಕರ್ನಲ್ ಒಳಗೇ ಬಂದಿರುವುದರಿಂದ ಮುಂದೆ ಅದನ್ನೂ ಆನ್ ಮಾಡುವ ಯೋಚನೆ ಇದೆ. ಡ್ರೈವರ್ ತೆರೆದು ನೋಡಿದರೆ ಎಲ್ಲೆಂದರಲ್ಲಿ "ನಾನೀಗ ಇಂಟರಪ್ಟ್‌ನಲ್ಲಿ ಇದ್ದೇನಾ" ಎಂದು ಕೇಳುವ ಚೆಕ್‌ಗಳು. (ಇಂಟರಪ್ಟ್ ಅಂದರೆ ಹಾರ್ಡ್‌ವೇರ್ ಕರೆದಾಗ ನಡುವೆ ನುಗ್ಗಿ ಓಡುವ ಕೋಡ್, ಅಲ್ಲಿ ಸ್ಲೀಪ್ ಆಗಿ ಕಾಯುವಂತಿಲ್ಲ.) ಎಣಿಸಿದೆ, 11 ಇವೆ. ಕೆಲವು ಫಂಕ್ಷನ್‌ಗಳ ಮೊದಲ ಸಾಲಿನಲ್ಲೇ ವಾರ್ನ್_ಆನ್(ಇನ್_ಇಂಟರಪ್ಟ್()) ಇದೆ (ಹೌದು ಅಂದರೆ ಲಾಗ್‌ನಲ್ಲಿ ಎಚ್ಚರಿಕೆ), ಮುಂದಿನ ಸಾಲಿನಲ್ಲಿ ಮ್ಯೂಟೆಕ್ಸ್ (ಸಿಗುವ ತನಕ ಸ್ಲೀಪ್ ಆಗಿ ಕಾಯುವ ಲಾಕ್) ಹಿಡಿಯುತ್ತದೆ. ಮೆಮೊರಿ ಕೇಳುವ ಕಡೆಯಲ್ಲೆಲ್ಲ ಹೀಗಿದೆ (ಇಂಟರಪ್ಟ್ ಆದರೆ ಕಾಯದ ಅಟಾಮಿಕ್ ಫ್ಲ್ಯಾಗ್, ಇಲ್ಲವಾದರೆ ಕಾಯಬಲ್ಲ ಕರ್ನೆಲ್ ಫ್ಲ್ಯಾಗ್):

ಇನ್_ಇಂಟರಪ್ಟ್() ? ಜಿಎಫ್‌ಪಿ_ಅಟಾಮಿಕ್ : ಜಿಎಫ್‌ಪಿ_ಕರ್ನೆಲ್

ಒಂದು ಕಡೆ ಮಾತ್ರ ಇನ್_ಅಟಾಮಿಕ್() (ಸ್ಲೀಪ್ ಆಗಬಾರದ ಜಾಗವಾ ಎಂದು) ಕೇಳಿ, ಹೌದು ಅಂದರೆ ಎಂಡಿಲೇ 20 (ಸಿಪಿಯು ಬಿಡದೆ 20 ಮಿಲಿಸೆಕೆಂಡ್ ಕಾಯುವುದು), ಇಲ್ಲ ಅಂದರೆ ಎಂಸ್ಲೀಪ್ 20 (ಸ್ಲೀಪ್ ಆಗಿ ಕಾಯುವುದು) ಮಾಡುತ್ತದೆ. ಅದು ರೀಸೆಟ್ ಫಂಕ್ಷನ್.

ನಮ್ಮ ಸೀನಿಯರ್ ಹೇಳುವುದು, "ಆರು ವರ್ಷದಿಂದ ನಡೆಯುತ್ತಿದೆ, ಅದು ಸೇಫ್ಟಿಗೆ ಹಾಕಿದ್ದು, ಕೈ ಹಚ್ಚಬೇಡ." ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಮೊನ್ನೆ ಹೊಸ ಕರ್ನಲ್‌ನಲ್ಲಿ ಡೀಬಗ್_ಅಟಾಮಿಕ್_ಸ್ಲೀಪ್ (ಸ್ಲೀಪ್ ಆಗುವ ಫಂಕ್ಷನನ್ನು ಆಗಬಾರದ ಕಡೆ ಕರೆದರೆ ಹಿಡಿಯುವ ತಪಾಸಣೆ) ಆನ್ ಮಾಡಿ ಡ್ರೈವರ್ ಲೋಡ್ ಮಾಡಿದೆ. ಹತ್ತು ನಿಮಿಷದೊಳಗೆ ಲಾಗ್‌ನಲ್ಲಿ ಇದು ಬಂತು:

ಬಗ್: ಸ್ಲೀಪಿಂಗ್ ಫಂಕ್ಷನ್ ಕಾಲ್ಡ್ ಫ್ರಮ್ ಇನ್‌ವ್ಯಾಲಿಡ್ ಕಾಂಟೆಕ್ಸ್ಟ್
ಇನ್_ಅಟಾಮಿಕ್(): 1, ಐಆರ್‌ಕ್ಯೂಸ್_ಡಿಸೇಬಲ್ಡ್(): 1

ಕೆಳಗಿನ ಟ್ರೇಸ್ ನೋಡಿದರೆ ಅದು ಬಂದಿರುವುದು ಕಮಾಂಡ್ ಕಳಿಸುವ ಫಂಕ್ಷನ್‌ನಿಂದ. ಅಲ್ಲಿ ಮೇಲಿನ ಜಿಎಫ್‌ಪಿ ಚೆಕ್ ಇದೆ! ಚೆಕ್ ಇದ್ದೂ ಹೇಗೆ ಬಂತು? ಚೆಕ್ ಇರುವುದು ಇದನ್ನು ತಡೆಯಲಿಕ್ಕೇ ಅಲ್ವಾ?

ನಾನು ಕೇಳುವುದು ಇಷ್ಟೇ. ಈ 11ರಲ್ಲಿ ಯಾವುದನ್ನು ಸುಮ್ನೆ ಅಳಿಸಬಹುದು, ಯಾವುದಕ್ಕೆ ಬದಲು ಬೇಕು, ಅದನ್ನು ಹೇಗೆ ಕಂಡುಹಿಡಿಯಬೇಕು? ಸೀನಿಯರ್‌ಗೆ ಒಪ್ಪಿಸುವಂಥ ಕಾರಣ ಬೇಕು. ಬರೀ "ಈಗ ಹೀಗೆ ಬರೆಯುವುದಿಲ್ಲ" ಅಂದರೆ ಅವರು ಕೇಳುವುದಿಲ್ಲ, ಕೇಳಬಾರದು ಕೂಡ.

---

ನವನಗರ_ಸೆಕ್ಟರ್ (ಬಾಗಲಕೋಟೆ)

ತುಂಬ ಒಳ್ಳೆಯ ಪ್ರಶ್ನೆ. ಲಾಗ್ ಸಮೇತ ಹಾಕಿದ್ದಕ್ಕೆ ಮೊದಲು ಧನ್ಯವಾದ. ಉತ್ತರ ಆ ಲಾಗ್‌ನ ಎರಡನೇ ಸಾಲಿನಲ್ಲೇ ಇದೆ. ಇನ್_ಅಟಾಮಿಕ್ 1, ಐಆರ್‌ಕ್ಯೂ (ಇಂಟರಪ್ಟ್) ಬಂದ್. ಅಂದರೆ ಯಾರೋ ಸ್ಪಿನ್_ಲಾಕ್_ಐಆರ್‌ಕ್ಯೂಸೇವ್ (ಇಂಟರಪ್ಟ್ ಬಂದ್ ಮಾಡುವ ಸ್ಪಿನ್‌ಲಾಕ್, ಹಿಡಿದಾಗ ಸ್ಲೀಪ್ ಆಗಬಾರದು) ಹಿಡಿದುಕೊಂಡೇ ನಿಮ್ಮ ಕಳಿಸುವ ಫಂಕ್ಷನ್‌ಗೆ ಬಂದಿದ್ದಾರೆ. ಅದು ಇಂಟರಪ್ಟ್ ಅಲ್ಲ, ಸಾಮಾನ್ಯ ಪ್ರಾಸೆಸ್. ಹಾಗಾಗಿ ಇನ್_ಇಂಟರಪ್ಟ್ "ಇಲ್ಲ" ಅಂತು, ಕೋಡ್ ಜಿಎಫ್‌ಪಿ_ಕರ್ನೆಲ್ ಹಿಡಿಯಿತು, ಲಾಕ್ ಹಿಡಿದೇ ಸ್ಲೀಪ್ ಆಗಲು ಹೊರಟಿತು.

ಇದು ಯಾಕೆ ಅಂತ ಒಮ್ಮೆ ಒಳಗಿಳಿದು ನೋಡಿ. ಕರ್ನಲ್ ಇದಕ್ಕೆಲ್ಲ ಪ್ರೀಎಂಪ್ಟ್_ಕೌಂಟ್ ಎನ್ನುವ ಒಂದೇ ಸಂಖ್ಯೆ ಇಟ್ಟುಕೊಂಡಿರುತ್ತದೆ. ಅದರ ಕೆಳಗಿನ 8 ಬಿಟ್ ಪ್ರೀಎಂಪ್ಶನ್ (ನಡುವೆ ತಡೆದು ಸಿಪಿಯುವನ್ನು ಬೇರೆಯವರಿಗೆ ಕೊಡುವುದು) ಬಂದ್ ಮಾಡಿದ ಲೆಕ್ಕ, ಸ್ಪಿನ್‌ಲಾಕ್ ಹಿಡಿದದ್ದೂ ಇಲ್ಲೇ ಸೇರುತ್ತದೆ. ಮುಂದಿನ 8 ಬಿಟ್ ಸಾಫ್ಟ್‌ಐಆರ್‌ಕ್ಯೂ (ಇಂಟರಪ್ಟ್ ಆದಮೇಲಕ್ಕೆ ಉಳಿಸಿದ ಕೆಲಸ). ಆಮೇಲಿನ 4 ಹಾರ್ಡ್‌ಐಆರ್‌ಕ್ಯೂ (ನೇರ ಹಾರ್ಡ್‌ವೇರ್ ಇಂಟರಪ್ಟ್), ಅದರ ಮೇಲಿನ 4 ಎನ್‌ಎಂಐ (ಬಂದ್ ಮಾಡಲಾಗದ ಇಂಟರಪ್ಟ್). ಇನ್_ಇಂಟರಪ್ಟ್ ನೋಡುವುದು ಮೇಲಿನ ಮೂರನ್ನು ಮಾತ್ರ. ಕೆಳಗಿನ 8 ಬಿಟ್ ಅದಕ್ಕೆ ಕಾಣುವುದೇ ಇಲ್ಲ. ಸ್ಪಿನ್‌ಲಾಕ್ ಹಿಡಿದವನು ಅದರ ಮುಂದೆ ನಿಂತರೂ ಅದು "ಯಾರೂ ಇಲ್ಲ" ಅನ್ನುತ್ತದೆ.

ಇನ್ನೊಂದು ಕಡೆ ಜಾಸ್ತಿ ಹೇಳುತ್ತದೆ. ಸಾಮಾನ್ಯ ಪ್ರಾಸೆಸ್ ಒಂದು ಲೋಕಲ್_ಬಿಎಚ್_ಡಿಸೇಬಲ್ (ಸಾಫ್ಟ್‌ಐಆರ್‌ಕ್ಯೂ ತಡೆಹಿಡಿಯುವುದು) ಮಾಡಿದರೆ ಸಾಫ್ಟ್‌ಐಆರ್‌ಕ್ಯೂ ಬಿಟ್‌ಗಳು ಏರುತ್ತವೆ, ಆಗ ಯಾವ ಇಂಟರಪ್ಟ್ ಇಲ್ಲದಿದ್ದರೂ ಇನ್_ಇಂಟರಪ್ಟ್ "ಹೌದು" ಅನ್ನುತ್ತದೆ. ಹೆಸರು ನೋಡಿ ನಂಬಿದವರು ಮೋಸ ಹೋಗುವುದು ಇಲ್ಲೇ. ನಿಮಗೆ ಬೇಕಾದದ್ದು "ನಾನು ಸ್ಲೀಪ್ ಆಗಬಹುದಾ" ಎನ್ನುವ ಪ್ರಶ್ನೆಗೆ ಉತ್ತರ. ಅದನ್ನು ಇನ್_ಇಂಟರಪ್ಟ್ ಯಾವತ್ತೂ ಕೊಟ್ಟಿಲ್ಲ.

ಹಾಗಾದರೆ ಇನ್_ಅಟಾಮಿಕ್ ಬಳಸೋಣ ಅಂದರೆ ಅದೂ ಆಗುವುದಿಲ್ಲ. ಪ್ರೀಎಂಪ್ಟ್ ಕೌಂಟ್ ಇಲ್ಲದೆ ಕಟ್ಟಿದ ಕರ್ನಲ್‌ನಲ್ಲಿ ಸ್ಪಿನ್‌ಲಾಕ್ ಹಿಡಿದರೆ ಆ ಸಂಖ್ಯೆ ಏರುವುದೇ ಇಲ್ಲ. ಆಗ ಇನ್_ಅಟಾಮಿಕ್ ಸಹ "ಇಲ್ಲ" ಅನ್ನುತ್ತದೆ. ಅದರ ಮ್ಯಾಕ್ರೋ ಮೇಲಿನ ಕಾಮೆಂಟಿನಲ್ಲೇ ಡ್ರೈವರ್ ಕೋಡ್‌ನಲ್ಲಿ ಇದನ್ನು ಬಳಸಬೇಡಿ ಎಂದು ಬರೆದಿದ್ದಾರೆ, ಡ್ರೈವರ್ ಒಳಗೆ ಕಂಡರೆ ಚೆಕ್‌ಪ್ಯಾಚ್ (ಪ್ಯಾಚ್ ಪರೀಕ್ಷಿಸುವ ಕರ್ನಲ್‌ನ ಸ್ಕ್ರಿಪ್ಟ್) ಕೂಡ ತಕರಾರು ಮಾಡುತ್ತದೆ.

ಆರು ವರ್ಷ ಹೇಗೆ ನಡೆಯಿತು ಅಂದರೆ, ಜಿಎಫ್‌ಪಿ_ಕರ್ನೆಲ್ ಅಂದ ಕೂಡಲೇ ಸ್ಲೀಪ್ ಆಗಿಯೇ ತೀರುತ್ತದೆ ಅಂತಲ್ಲ. ಮೆಮೊರಿ ಸಾಕಷ್ಟು ಇದ್ದರೆ ತಕ್ಷಣ ಕೊಟ್ಟು ಕಳಿಸುತ್ತದೆ. ಮೆಮೊರಿ ಕಡಿಮೆ ಆದ ದಿನ ಮಾತ್ರ ಕಾಯಲು ನಿಲ್ಲುತ್ತದೆ. ನಿಮ್ಮ ಪೆಟ್ಟಿಗೆಗಳಲ್ಲಿ ಯಾವುದಾದರೂ "ಕಾರಣ ಇಲ್ಲದೆ" ಅಪರೂಪಕ್ಕೆ ಹ್ಯಾಂಗ್ ಆಗಿ, ಪವರ್ ತೆಗೆದು ಹಾಕಿದ ಮೇಲೆ ಸರಿಯಾಗಿದ್ದು ಇದೆಯಾ? ಸೀನಿಯರ್ ಅವರನ್ನು ಒಮ್ಮೆ ಕೇಳಿ. ಡೀಬಗ್ ಆನ್ ಮಾಡಿದಾಗ ಕರ್ನಲ್ ನಿಜವಾಗಿ ಸ್ಲೀಪ್ ಆಗುವ ತನಕ ಕಾಯುವುದಿಲ್ಲ, ಸ್ಲೀಪ್ ಆಗುವ ಸಾಧ್ಯತೆ ಇದ್ದರೇ ಕೂಗುತ್ತದೆ. ಅದಕ್ಕೇ ನಿಮಗೆ ಹತ್ತೇ ನಿಮಿಷಕ್ಕೆ ಸಿಕ್ಕಿತು.

ಈಗ ಏನು ಮಾಡಬೇಕು. ಒಂದು ಫಂಕ್ಷನ್ ಯಾವ ಸಂದರ್ಭದಲ್ಲಿ ಓಡುತ್ತಿದೆ ಎನ್ನುವುದು ಅದನ್ನು ಕರೆದವರಿಗೆ ಗೊತ್ತಿರುತ್ತದೆ. ಲಾಕ್ ಹಿಡಿದವರು ಅವರೇ, ಟೈಮರ್‌ನಿಂದ ಬಂದವರು ಅವರೇ. ಗೊತ್ತಿರುವವರು ಹೇಳಬೇಕು, ಕೆಳಗಿನವರು ಊಹೆ ಮಾಡಬಾರದು. ಯುಎಸ್‌ಬಿ_ಸಬ್ಮಿಟ್_ಯುಆರ್‌ಬಿ (ಯುಆರ್‌ಬಿ, ಅಂದರೆ ಒಂದು ಯುಎಸ್‌ಬಿ ವಿನಂತಿ ಕಳಿಸುವ ಕರ್ನಲ್ ಫಂಕ್ಷನ್) ನೋಡಿ, ಅದರ ಎರಡನೇ ಆರ್ಗ್ಯುಮೆಂಟೇ ಮೆಮೊರಿ ಫ್ಲ್ಯಾಗ್. ಕರೆಯುವವರು ಹೇಳಲಿ ಎಂದೇ ಅದನ್ನು ಹಾಗೆ ಮಾಡಿದ್ದಾರೆ. ನಿಮ್ಮ ಡ್ರೈವರ್ ಬರೆದವರು ಮಧ್ಯದಲ್ಲಿ ಒಂದು ಫಂಕ್ಷನ್ ಇಟ್ಟು, ಆ ಆರ್ಗ್ಯುಮೆಂಟನ್ನು ಅಲ್ಲೇ ನುಂಗಿ, ಬದಲಿಗೆ ಊಹೆ ಹಾಕಿದ್ದಾರೆ.

ಅದೇ ಫಂಕ್ಷನ್ ಮೇಲಿನ ಕಾಮೆಂಟ್ ಓದಿ, ಯಾವಾಗ ಯಾವ ಫ್ಲ್ಯಾಗ್ ಅಂತ ಚೆನ್ನಾಗಿ ಬಿಡಿಸಿ ಬರೆದಿದ್ದಾರೆ. ಕಂಪ್ಲೀಶನ್ ಹ್ಯಾಂಡ್ಲರ್ (ಯುಆರ್‌ಬಿ ಮುಗಿದಾಗ ಕರೆಯುವ ಫಂಕ್ಷನ್), ಟೈಮರ್, ಸ್ಪಿನ್‌ಲಾಕ್ ಹಿಡಿದಾಗ ಅಟಾಮಿಕ್. ಸ್ಟೋರೇಜ್ ದಾರಿಯಲ್ಲಿ ಜಿಎಫ್‌ಪಿ_ನೋಐಓ (ಮೆಮೊರಿಗಾಗಿ ಡಿಸ್ಕ್ ಕಡೆ ಹೋಗದ ಫ್ಲ್ಯಾಗ್). ಉಳಿದ ಕಡೆ ಕರ್ನೆಲ್. ಉತ್ತರಗಳು ಮೂರು, ನಿಮ್ಮ ಚೆಕ್ ಕೊಡುವುದು ಎರಡು.

ಕೆಲಸ ಮಾಡುವ ರೀತಿ ಹೇಳುತ್ತೇನೆ. ನಾನು ಇವತ್ತಿಗೂ ನೋಟ್‌ಬುಕ್ ಮತ್ತು ಪೆನ್ಸಿಲ್ ಹಿಡಿದೇ ಮಾಡುತ್ತೇನೆ. ಪುಟದ ಕೆಳಗೆ ಚೆಕ್ ಇರುವ ಫಂಕ್ಷನ್ ಹೆಸರು. ಅದರ ಮೇಲೆ ಅದನ್ನು ಕರೆಯುವವರು, ಅವರ ಮೇಲೆ ಅವರನ್ನು ಕರೆಯುವವರು. ಕರ್ನಲ್ ನಮ್ಮನ್ನು ಕರೆಯುವ ಬಾಗಿಲು ಸಿಗುವ ತನಕ ಹೋಗಬೇಕು: ಪ್ರೋಬ್ (ಬೋರ್ಡ್ ಸಿಕ್ಕಾಗ), ಡಿಸ್ಕನೆಕ್ಟ್ (ಕಿತ್ತಾಗ), ಸಿಸ್‌ಎಫ್‌ಎಸ್ ರೈಟ್ (ಕರ್ನಲ್ ತೋರಿಸುವ ಫೈಲ್‌ಗೆ ಬಳಕೆದಾರ ಬರೆದಾಗ), ಯುಆರ್‌ಬಿ ಕಂಪ್ಲೀಶನ್, ಟೈಮರ್. ಪ್ರತಿ ಗೆರೆಯ ಪಕ್ಕದಲ್ಲಿ ಯಾವ ಲಾಕ್ ಹಿಡಿದಿದೆ ಎಂದು ಬರೆಯಿರಿ. ಫಂಕ್ಷನ್ ಪಾಯಿಂಟರ್ ಮೂಲಕ ಕರೆಯುವುದು ಗಿಟ್ ಗ್ರೆಪ್‌ಗೆ (ಕೋಡ್‌ನಲ್ಲಿ ಪದ ಹುಡುಕುವ ಕಮಾಂಡ್) ನೇರವಾಗಿ ಸಿಗುವುದಿಲ್ಲ, ಅದನ್ನು ಕಣ್ಣಿನಿಂದಲೇ ಹುಡುಕಬೇಕು.

ಪುಟ ತುಂಬಿದ ಮೇಲೆ ಹೆಚ್ಚು ಕಡಿಮೆ ಎಲ್ಲವೂ ತಾನಾಗಿ ಬಿಡಿಸಿಕೊಳ್ಳುತ್ತವೆ. ಮ್ಯೂಟೆಕ್ಸ್ ಮುಂದಿನ ವಾರ್ನ್_ಆನ್ ಪೂರ್ತಿ ದಂಡ. ಮ್ಯೂಟೆಕ್ಸ್_ಲಾಕ್ ಒಳಗೇ ಮೈಟ್_ಸ್ಲೀಪ್ (ಇಲ್ಲಿ ಸ್ಲೀಪ್ ಆಗಬಹುದಾ ಎಂಬ ತಪಾಸಣೆ) ಇದೆ, ಅದು ಡೀಬಗ್ ಕರ್ನಲ್‌ನಲ್ಲಿ ಇನ್_ಇಂಟರಪ್ಟ್‌ಗಿಂತ ಜಾಸ್ತಿ ಹಿಡಿಯುತ್ತದೆ. ಮೇಲಾಗಿ ವಾರ್ನ್_ಆನ್ ಗಿರಾಕಿಯ ಪೆಟ್ಟಿಗೆಯಲ್ಲೂ ಉಳಿಯುತ್ತದೆ, ಅಲ್ಲಿ ಪ್ಯಾನಿಕ್_ಆನ್_ವಾರ್ನ್ ಹಾಕಿದ್ದರೆ ಇಡೀ ಪೆಟ್ಟಿಗೆ ಬೀಳುತ್ತದೆ. ಅವನ್ನು ನಿಶ್ಚಿಂತೆಯಿಂದ ಅಳಿಸಿ. ಪ್ರೋಬ್‌ನಿಂದ ಮಾತ್ರ ಕರೆಯುವ ಫಂಕ್ಷನ್ ಒಳಗಿನದ್ದೂ ಅಷ್ಟೇ, ಪ್ರೋಬ್ ಯಾವಾಗಲೂ ಪ್ರಾಸೆಸ್‌ನಲ್ಲೇ ಓಡುತ್ತದೆ. ಎರಡೂ ಕಡೆಯಿಂದ ಕರೆಸಿಕೊಳ್ಳುವ ಫಂಕ್ಷನ್‌ಗೆ ಜಿಎಫ್‌ಪಿ ಆರ್ಗ್ಯುಮೆಂಟ್ ಸೇರಿಸಿ, ಪ್ರತಿ ಕರೆಯಲ್ಲೂ ಬರೆದು ಕೊಡಿ.

ಆದರೆ ಲಾಗ್ ಬಂದ ದಾರಿಯಲ್ಲಿ ಅವಸರಪಟ್ಟು ಅಟಾಮಿಕ್ ಹಾಕಿ ಮುಗಿಸಬೇಡಿ. ಅಟಾಮಿಕ್ ಅಂದರೆ ಕಾಯುವುದಿಲ್ಲ, ಸಿಗದಿದ್ದರೆ ಸೋತು ಬರುತ್ತದೆ, ಮೇಲಾಗಿ ತುರ್ತಿಗೆ ಇಟ್ಟ ಮೆಮೊರಿಗೆ ಕೈ ಹಾಕುತ್ತದೆ. ಬಫರನ್ನು ಲಾಕ್ ಹಿಡಿಯುವ ಮೊದಲೇ ಜಿಎಫ್‌ಪಿ_ಕರ್ನೆಲ್‌ನಿಂದ ತೆಗೆದುಕೊಳ್ಳಲು ಆಗುತ್ತದಾ ನೋಡಿ. ಹಾಗೆ ಮಾಡಲು ಆದರೆ ಲಾಕ್ ಒಳಗೆ ಪಟ್ಟಿಗೆ ಸೇರಿಸುವ ಎರಡು ಸಾಲು ಮಾತ್ರ ಉಳಿಯುತ್ತದೆ.

ರಿಯಲ್‌ಟೈಮ್ ಆನ್ ಮಾಡುವ ಯೋಚನೆ ಇದ್ದರೆ ಇದು ಇನ್ನೂ ಮುಖ್ಯ. ಅಲ್ಲಿ ಸಾಮಾನ್ಯ ಸ್ಪಿನ್‌ಲಾಕೇ ಸ್ಲೀಪ್ ಆಗಬಲ್ಲ ಲಾಕ್. ಸ್ಪಿನ್_ಲಾಕ್_ಐಆರ್‌ಕ್ಯೂಸೇವ್ ನಿಜವಾಗಿ ಇಂಟರಪ್ಟ್ ಬಂದ್ ಮಾಡುವುದಿಲ್ಲ, ಆದ್ದರಿಂದ ಅದರ ಒಳಗೆ ನಿಂತು ಐಆರ್‌ಕ್ಯೂಸ್_ಡಿಸೇಬಲ್ಡ್ ಕೇಳಿದರೆ "ಇಲ್ಲ" ಎಂದು ಬರುತ್ತದೆ. ಅದೇ ಕೋಡ್, ಅದೇ ದಾರಿ, ಕರ್ನಲ್ ಕಟ್ಟಿದ ರೀತಿ ಬದಲಾದರೆ ಉತ್ತರ ಬೇರೆ. ಅಂಥ ಉತ್ತರದ ಮೇಲೆ ಡ್ರೈವರ್ ನಿಲ್ಲಬಾರದು.

ಸೀನಿಯರ್‌ಗೆ ಹೇಳಲು ಇದನ್ನೂ ಸೇರಿಸಿ. 2020ರಲ್ಲಿ ಥಾಮಸ್ ಗ್ಲೈಕ್ಸ್‌ನರ್ ಮತ್ತು ಸೆಬಾಸ್ಟಿಯನ್ ಸೀವಿಯರ್ ಮೊದಲಾದವರು ಮುಖ್ಯ ಕರ್ನಲ್‌ನ ಡ್ರೈವರ್‌ಗಳಿಂದ ಈ ಚೆಕ್‌ಗಳನ್ನು ತೆಗೆಯಲು ಶುರು ಮಾಡಿದರು. ಸಂದರ್ಭ ನೋಡಿ ನಡವಳಿಕೆ ಬದಲಿಸುವ ಕೋಡನ್ನು ಬೇರೆ ಬೇರೆ ಮಾಡಿ, ಇಲ್ಲವಾದರೆ ಕರೆಯುವವರು ಆರ್ಗ್ಯುಮೆಂಟ್‌ನಲ್ಲಿ ಹೇಳಲಿ ಎಂದು ಲಿನಸ್ ಟೊರ್ವಾಲ್ಡ್ಸ್ ಸ್ಪಷ್ಟವಾಗಿ ಕೇಳಿದ್ದರು. ಆ ಪ್ಯಾಚ್‌ಗಳಲ್ಲಿ ಎಷ್ಟೋ ಕಡೆ ಚೆಕ್ ತೆಗೆಯಲು ಹೋದಾಗಲೇ ಅದರ ಹಿಂದೆ ಅಡಗಿದ್ದ ನಿಜವಾದ ಬಗ್ ಸಿಕ್ಕಿದೆ. ನಿಮಗೆ ಆಗಿರುವುದೂ ಅದೇ.

---

ದ್ರಾಕ್ಷಿ_ತೋಟ (ವಿಜಯಪುರ)

ನವನಗರ ಮೇಡಂ ಹೇಳಿದ್ದು ಅಕ್ಷರಶಃ ಸರಿ. ನಾನು ಒಂದು ಎಚ್ಚರಿಕೆ ಸೇರಿಸಬೇಕು, ಯಾಕೆಂದರೆ ನನಗೆ ಇದರಲ್ಲಿ ಪೆಟ್ಟು ಬಿದ್ದಿದೆ.

ನಾನು ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಿಗೆ ಪಂಪ್ ಕಂಟ್ರೋಲರ್ ಕೊಡುತ್ತೇನೆ. ಅದರಲ್ಲೂ ಒಂದು ಯುಎಸ್‌ಬಿ ಡ್ರೈವರ್ ಇದೆ. ಅದರ ಒಂದು ಫಂಕ್ಷನ್‌ನಲ್ಲಿ "ಇಂಟರಪ್ಟ್‌ನಲ್ಲಿದ್ದರೆ ಕೆಲಸವನ್ನು ವರ್ಕ್‌ಕ್ಯೂಗೆ (ಆಮೇಲೆ ಪ್ರಾಸೆಸ್‌ನಲ್ಲಿ ಮಾಡುವ ಸಾಲಿಗೆ) ಹಾಕು, ಇಲ್ಲದಿದ್ದರೆ ನೇರ ಯುಎಸ್‌ಬಿ_ಕ್ಲಿಯರ್_ಹಾಲ್ಟ್ (ನಿಂತ ಯುಎಸ್‌ಬಿ ದಾರಿ ಬಿಡಿಸುವ, ಸ್ಲೀಪ್ ಆಗುವ ಫಂಕ್ಷನ್) ಮಾಡು" ಎಂದಿತ್ತು. ನಾನು ಗ್ರೆಪ್ ಮಾಡಿದೆ, ಕರೆಯುವವರು ಇಬ್ಬರು ಸಿಕ್ಕರು, ಇಬ್ಬರೂ ಪ್ರಾಸೆಸ್. ಚೆಕ್ ತೆಗೆದೆ, ನೇರ ಕರೆ ಉಳಿಸಿದೆ. ಮೇಜಿನ ಮೇಲೆ ಎರಡು ದಿನ ಓಡಿಸಿದೆ. ಎಲ್ಲ ಚೆನ್ನಾಗಿತ್ತು.

ಮೂರನೆಯವನು ಒಬ್ಬ ಇದ್ದ. ಕಂಪ್ಲೀಶನ್ ಹ್ಯಾಂಡ್ಲರ್‌ನಲ್ಲಿ ಸ್ಟೇಟಸ್ ಮೈನಸ್ ಇಪೈಪ್ (ಯುಎಸ್‌ಬಿ ದಾರಿ ನಿಂತಿದೆ ಎಂಬ ಎರರ್) ಬಂದರೆ ಮಾತ್ರ ಹೋಗುವ ದಾರಿ, ಅದೂ ಫಂಕ್ಷನ್ ಪಾಯಿಂಟರ್ ಮೂಲಕ. ಮೇಜಿನ ಮೇಲೆ ಆ ಎರರ್ ಯಾಕೆ ಬರುತ್ತದೆ? ಅರ್ಧ ಅಡಿ ಕೇಬಲ್, ಹತ್ತಿರ ಮೋಟರ್ ಇಲ್ಲ. ತೋಟದಲ್ಲಿ ರಾತ್ರಿ ತ್ರೀಫೇಸ್ ಬಂದ ಕೂಡಲೇ ಪಂಪ್ ಚಾಲೂ ಆಯಿತು, ಕೇಬಲ್ ಮೇಲೆ ಗದ್ದಲ ಬಂತು, ಎರರ್ ಬಂತು, ಸ್ಲೀಪ್ ಆಗುವ ಫಂಕ್ಷನನ್ನು ಹ್ಯಾಂಡ್ಲರ್ ಒಳಗಿಂದ ಕರೆದು ಪೆಟ್ಟಿಗೆ ಅಲ್ಲೇ ನಿಂತಿತು. ಬೆಳಗಿನ ನಾಲ್ಕಕ್ಕೆ ರೈತರು ಫೋನ್ ಮಾಡಿದರು. ಕಾಯಿ ಕಟ್ಟುವ ಹೊತ್ತಿನಲ್ಲಿ ಒಂದು ಪಾಳಿ ನೀರು ತಪ್ಪಿದರೆ ಅದು ಅವರಿಗೆ ಏನು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಆ ಫೋನ್ ನನಗೆ ಇನ್ನೂ ನೆನಪಿದೆ.

ಅದಕ್ಕೇ ತಮ್ಮಾ, ಎರರ್ ದಾರಿಗಳನ್ನು ಮೊದಲು ಹುಡುಕು. ನೋಟ್‌ಬುಕ್‌ನಲ್ಲಿ ಅವಕ್ಕೆ ಬೇರೆ ಬಣ್ಣದ ಪೆನ್ ಇಟ್ಟುಕೋ. ಪ್ರತಿ ಗೋಟು, ಪ್ರತಿ ಸ್ಟೇಟಸ್ ಸ್ವಿಚ್ ನೋಡು. ಕಂಪ್ಲೀಶನ್ ಹ್ಯಾಂಡ್ಲರ್ ಹಾರ್ಡ್‌ಐಆರ್‌ಕ್ಯೂನಲ್ಲಿ ಬರುತ್ತದೋ ಸಾಫ್ಟ್‌ಐಆರ್‌ಕ್ಯೂನಲ್ಲೋ ಎನ್ನುವುದು ಹೋಸ್ಟ್ ಕಂಟ್ರೋಲರ್ ಯಾವುದು ಎನ್ನುವುದರ ಮೇಲಿದೆ, ನಿನ್ನ ಮೇಜಿನ ಮೇಲಿನ ಬೋರ್ಡ್‌ನಲ್ಲಿ ಕಂಡದ್ದು ಎಲ್ಲ ಕಡೆ ನಿಜ ಅಂದುಕೊಳ್ಳಬೇಡ. ಅಲ್ಲಿ ಸ್ಲೀಪ್ ಇಲ್ಲ, ಅಷ್ಟೇ ಲೆಕ್ಕ.

ಆಮೇಲೆ ಪರೀಕ್ಷೆ. ಚೆಕ್ ತೆಗೆಯುವ ಮೊದಲು ಡೀಬಗ್_ಅಟಾಮಿಕ್_ಸ್ಲೀಪ್ ಜೊತೆಗೆ ಪ್ರೂವ್_ಲಾಕಿಂಗ್ (ಲಾಕ್ ಹಿಡಿಯುವ ಕ್ರಮದ ತಪ್ಪು ಹಿಡಿಯುವ ತಪಾಸಣೆ) ಕೂಡ ಆನ್ ಮಾಡಿ ಒಂದು ಬಾರಿ ಓಡಿಸು, ತೆಗೆದ ಮೇಲೆ ಇನ್ನೊಂದು ಬಾರಿ. ಓಡುತ್ತಿರುವಾಗಲೇ ಕೇಬಲ್ ಕಿತ್ತು ಹಾಕು, ಹತ್ತಲ್ಲ, ಐವತ್ತು ಸಲ. ಕರ್ನಲ್‌ನಲ್ಲಿ ಫೇಲ್‌ಸ್ಲ್ಯಾಬ್ ಅಂತ ಇದೆ, ಮೆಮೊರಿ ಬೇಕೆಂದೇ ಸಿಗದ ಹಾಗೆ ಮಾಡುತ್ತದೆ. ಅದನ್ನು ಹಚ್ಚಿದರೆ ಯಾರೂ ಯಾವತ್ತೂ ಓಡಿಸದ ಸಾಲುಗಳೂ ಓಡುತ್ತವೆ.

ಒಂದು ಮಾತಿನಲ್ಲಿ ಮಾತ್ರ ನಾನು ನಿಮ್ಮ ಸೀನಿಯರ್ ಪರ. ಓಡಿಸಿ ನೋಡದೆ ಕೈ ಹಚ್ಚಬಾರದು.

---

ಫೌಂಡ್ರಿ_ಹುಡುಗ (ಬೆಳಗಾವಿ)

ಇಬ್ಬರಿಗೂ ತುಂಬ ಧನ್ಯವಾದ. ಎರಡು ದಿನ ಕೂತು ಪುಟ ತುಂಬಿಸಿದೆ, ಎರರ್ ದಾರಿಗಳಿಗೆ ಕೆಂಪು ಪೆನ್. ನಿಜ ಹೇಳಬೇಕೆಂದರೆ ಈ ಡ್ರೈವರ್ ನನಗೆ ಅರ್ಥ ಆದದ್ದು ಈಗಲೇ.

ಕಳಿಸುವ ಫಂಕ್ಷನ್‌ಗೆ ಮೂರು ದಾರಿ ಇದೆ. ಕ್ಯಾಲಿಬ್ರೇಶನ್ ಬರೆಯುವ ಸಿಸ್‌ಎಫ್‌ಎಸ್ ಫೈಲ್‌ನಿಂದ ಒಂದು, ಅಲ್ಲಿ ಲಾಕ್ ಇಲ್ಲ. ಕಂಪ್ಲೀಶನ್ ಹ್ಯಾಂಡ್ಲರ್‌ನಿಂದ ಒಂದು. ಮೂರನೆಯದು ಬಾಕಿ ಇರುವ ಕಮಾಂಡ್‌ಗಳ ಪಟ್ಟಿಯನ್ನು ಖಾಲಿ ಮಾಡುವ ಫಂಕ್ಷನ್, ಅದು ಸ್ಪಿನ್‌ಲಾಕ್ ಹಿಡಿದು ಪಟ್ಟಿಯ ಉದ್ದಕ್ಕೂ ನಡೆಯುತ್ತ ಒಂದೊಂದನ್ನೇ ಕಳಿಸುತ್ತದೆ. ಲಾಗ್ ಬಂದದ್ದು ಅಲ್ಲಿಂದ. ಮೇಡಂ ಹೇಳಿದ ಹಾಗೆ ಬಫರನ್ನು ಕಮಾಂಡ್ ಪಟ್ಟಿಗೆ ಸೇರುವಾಗಲೇ, ಲಾಕ್‌ಗಿಂತ ಮೊದಲು ತೆಗೆದುಕೊಳ್ಳುವಂತೆ ಮಾಡಿದೆ. ಖಾಲಿ ಮಾಡುವಾಗ ಇಡೀ ಪಟ್ಟಿಯನ್ನು ಲಾಕ್ ಒಳಗೆ ನನ್ನ ಕಡೆಗೆ ಎಳೆದುಕೊಂಡು, ಲಾಕ್ ಬಿಟ್ಟು, ಆಮೇಲೆ ಕಳಿಸುತ್ತೇನೆ. ಹಾಗಾಗಿ ಆ ದಾರಿಯಲ್ಲಿ ಅಟಾಮಿಕ್ ಬೇಕಾಗಲೇ ಇಲ್ಲ.

11ರಲ್ಲಿ 6 ಸುಮ್ನೆ ಅಳಿಸಿದವು. 4 ಕಡೆ ಜಿಎಫ್‌ಪಿ ಆರ್ಗ್ಯುಮೆಂಟ್ ಆಯಿತು. ಸೀನಿಯರ್ ಅವರನ್ನು ಹ್ಯಾಂಗ್ ಬಗ್ಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ ಹಳೆಯ ಸರ್ವಿಸ್ ರಿಜಿಸ್ಟರ್ ತೆಗೆದು ಕೊಟ್ಟರು. ಎರಡು ಫೌಂಡ್ರಿಗಳಲ್ಲಿ ಹಾಗೆ ಆಗಿದೆ, ಎರಡರಲ್ಲೂ ಅದೇ ಪೆಟ್ಟಿಗೆಯಲ್ಲಿ ಕ್ಯಾಮರಾ ರೆಕಾರ್ಡಿಂಗ್ ಕೂಡ ಓಡುತ್ತಿತ್ತು. ಮೆಮೊರಿ ಅದೇ ತಿನ್ನುತ್ತಿತ್ತು ಅನ್ನಿಸುತ್ತದೆ. ನಾವು ಆಗ ಪವರ್ ಸಪ್ಲೈ ಬದಲಿಸಿ ಬಂದಿದ್ದೆವು.

ಉಳಿದದ್ದು ಒಂದೇ, ರೀಸೆಟ್. ಅದನ್ನು ಸಿಸ್‌ಎಫ್‌ಎಸ್‌ನಿಂದಲೂ ಕರೆಯುತ್ತಾರೆ, ವಾಚ್‌ಡಾಗ್ ಟೈಮರ್‌ನಿಂದಲೂ ಕರೆಯುತ್ತಾರೆ. ಬೋರ್ಡ್ ಎರಡು ಸೆಕೆಂಡ್ ಮಾತಾಡದಿದ್ದರೆ ಟೈಮರ್ ಹೊಡೆದು ರೀಸೆಟ್ ಕಮಾಂಡ್ ಕಳಿಸಿ 20 ಮಿಲಿಸೆಕೆಂಡ್ ಕಾಯಬೇಕು. ಇಲ್ಲಿ ಜಿಎಫ್‌ಪಿ ಕೊಟ್ಟರೆ ಸಾಲದು, ಕಾಯುವ ರೀತಿಯೇ ಬೇರೆ. "ಕ್ಯಾನ್_ಸ್ಲೀಪ್" ಅಂತ ಒಂದು ಬೂಲ್ ಆರ್ಗ್ಯುಮೆಂಟ್ ಕೊಡಲಾ?

---

ನವನಗರ_ಸೆಕ್ಟರ್ (ಬಾಗಲಕೋಟೆ)

ಪಟ್ಟಿಯನ್ನು ಎಳೆದುಕೊಂಡು ಲಾಕ್ ಬಿಟ್ಟದ್ದು ಬಹಳ ಚೆನ್ನಾಗಿದೆ, ನಾನು ಹೇಳಿದ್ದಕ್ಕಿಂತ ಒಳ್ಳೆಯದು.

ರೀಸೆಟ್‌ಗೆ ಬೂಲ್ ಬೇಡ. ಟೈಮರ್ ಕಾಲ್‌ಬ್ಯಾಕ್ ಸಾಫ್ಟ್‌ಐಆರ್‌ಕ್ಯೂನಲ್ಲಿ ಓಡುತ್ತದೆ. ಅಲ್ಲಿ ಎಂಡಿಲೇ 20 ಅಂದರೆ 20 ಮಿಲಿಸೆಕೆಂಡ್ ಆ ಸಿಪಿಯು ಏನೂ ಮಾಡದೆ ಗಿರಗಿರ ಸುತ್ತುತ್ತದೆ, ಅದರ ಮೇಲಿನ ಎಲ್ಲ ಪ್ರಾಸೆಸ್ ಕಾಯುತ್ತವೆ. ಚೆಕ್ ಬದಲು ಬೂಲ್ ಬಂದರೂ ಆ ಸುತ್ತಾಟ ಹಾಗೇ ಉಳಿಯುತ್ತದೆ. ಇಲ್ಲಿ ತಪ್ಪಿರುವುದು ಚೆಕ್ ಅಲ್ಲ, 20 ಮಿಲಿಸೆಕೆಂಡ್ ಕಾಯಬೇಕಾದ ಕೆಲಸ ಟೈಮರ್ ಒಳಗೆ ಇರುವುದೇ ತಪ್ಪು.

ಟೈಮರನ್ನೇ ತೆಗೆದು ಡಿಲೇಡ್_ವರ್ಕ್ ಹಾಕಿ. ಅದು ಹೊತ್ತಿಗೆ ಸರಿಯಾಗಿ ಕೆಲಸವನ್ನು ಒಂದು ಕರ್ನಲ್ ಥ್ರೆಡ್‌ಗೆ ಕೊಡುತ್ತದೆ, ಅಲ್ಲಿ ಆರಾಮಾಗಿ ಎಂಸ್ಲೀಪ್ ಮಾಡಬಹುದು. ಆಗ ರೀಸೆಟ್ ಫಂಕ್ಷನ್‌ಗೆ ಬರುವ ಎರಡೂ ದಾರಿ ಪ್ರಾಸೆಸ್ ಆಗುತ್ತವೆ, ಇನ್_ಅಟಾಮಿಕ್ ಸಾಲಿಗೆ ಅಲ್ಲಿ ಇರಲು ಕಾರಣವೇ ಉಳಿಯುವುದಿಲ್ಲ. ರಿಯಲ್‌ಟೈಮ್‌ಗೂ ಇದೇ ಒಳ್ಳೆಯದು.

ಒಂದು ಕಡೆ ಹುಷಾರು. ಡಿಸ್ಕನೆಕ್ಟ್‌ನಲ್ಲಿ ಕ್ಯಾನ್ಸಲ್_ಡಿಲೇಡ್_ವರ್ಕ್_ಸಿಂಕ್ ಕರೆಯಬೇಕು, ಅದು ಓಡುತ್ತಿರುವ ಕೆಲಸ ಮುಗಿಯುವ ತನಕ ಕಾಯುತ್ತದೆ. ಆ ಕೆಲಸ ಹಿಡಿಯುವ ಮ್ಯೂಟೆಕ್ಸನ್ನೇ ನೀವು ಡಿಸ್ಕನೆಕ್ಟ್‌ನಲ್ಲಿ ಹಿಡಿದುಕೊಂಡು ಕಾಯುತ್ತಾ ನಿಂತರೆ ಇಬ್ಬರೂ ಒಬ್ಬರಿಗೊಬ್ಬರು ಕಾದು ಅಲ್ಲೇ ಸಿಕ್ಕಿಬೀಳುತ್ತೀರಿ. ಮೊದಲು ಕ್ಯಾನ್ಸಲ್, ಆಮೇಲೆ ಮ್ಯೂಟೆಕ್ಸ್. ಇದನ್ನು ಪ್ರೂವ್_ಲಾಕಿಂಗ್ ಆನ್ ಇದ್ದರೆ ಲಾಕ್‌ಡೆಪ್ (ಕರ್ನಲ್‌ನ ಲಾಕ್ ಪರೀಕ್ಷಕ) ಹಿಡಿದು ಕೊಡುತ್ತದೆ.

---

ಮಚ್ಛೆ_ವಿದ್ಯಾರ್ಥಿ (ಬೆಳಗಾವಿ)

ನಮಸ್ಕಾರ. ನಾನು ಎಂಟೆಕ್ ಓದುತ್ತಿದ್ದೇನೆ. ಇಷ್ಟು ಹೊತ್ತು ಇದನ್ನು ಬಾಯಿ ತೆರೆಯದೆ ಓದುತ್ತಿದ್ದೆ. ಮುಖ್ಯ ಕರ್ನಲ್‌ನಲ್ಲೂ ಇಂಥವು ಇನ್ನೂ ಉಳಿದಿದ್ದರೆ ನನ್ನಂಥ ಹೊಸಬರು ತೆಗೆದು ಪ್ಯಾಚ್ ಕಳಿಸಬಹುದಾ? ಹಾರ್ಡ್‌ವೇರ್ ನಮ್ಮ ಹತ್ತಿರ ಇರುವುದಿಲ್ಲ.

---

ನವನಗರ_ಸೆಕ್ಟರ್ (ಬಾಗಲಕೋಟೆ)

ಕಳಿಸಬಹುದು. ಆದರೆ ಗ್ರೆಪ್ ಮಾಡಿ ಸಿಕ್ಕ ಸಾಲನ್ನೆಲ್ಲ ಅಳಿಸಿ ಒಂದೇ ದೊಡ್ಡ ಪ್ಯಾಚ್ ಮಾಡಬೇಡಿ. ಒಂದು ಡ್ರೈವರ್ ತೆಗೆದುಕೊಳ್ಳಿ, ಒಂದು ಚೆಕ್. ಹಾರ್ಡ್‌ವೇರ್ ಇಲ್ಲದಿದ್ದರೆ ನಿಮ್ಮ ಕೈಯಲ್ಲಿ ಇರುವುದು ಓದು ಮಾತ್ರ, ಆದ್ದರಿಂದ ಓದಿದ್ದನ್ನು ಕಮಿಟ್ ಮೆಸೇಜ್‌ನಲ್ಲಿ ಪೂರ್ತಿ ತೋರಿಸಬೇಕು. ಈ ಫಂಕ್ಷನನ್ನು ಇವರು ಕರೆಯುತ್ತಾರೆ, ಇವರನ್ನು ಇವರು, ಕೊನೆಗೆ ಈ ಬಾಗಿಲು, ಇಲ್ಲಿ ಈ ಮ್ಯೂಟೆಕ್ಸ್ ಹಿಡಿದಿದೆ, ಆದ್ದರಿಂದ ಇದು ಯಾವಾಗಲೂ ಪ್ರಾಸೆಸ್. ಮೇಲೆ ಹೇಳಿದ 2020ರ ಕಾಲದ ಪ್ಯಾಚ್‌ಗಳನ್ನು ಗಿಟ್ ಲಾಗ್‌ನಲ್ಲಿ ಹುಡುಕಿ ಓದಿ, ಹಲವದರಲ್ಲಿ ಇಡೀ ಕರೆಗಳ ಸರಪಳಿ ಬರೆದಿದ್ದಾರೆ. ಪರೀಕ್ಷೆ ಮಾಡಿಲ್ಲ, ಬರೀ ಕಂಪೈಲ್ ಮಾಡಿದ್ದೇನೆ ಅಂದರೆ ಅದನ್ನೂ ಹಾಗೇ ಬರೆಯಿರಿ. ಮೇಂಟೇನರ್ ಹತ್ತಿರ ಹಾರ್ಡ್‌ವೇರ್ ಇದ್ದರೆ ಅವರು ಓಡಿಸಿ ನೋಡುತ್ತಾರೆ.

ಮೊದಲು ಓದಲು ಒಂದು ಹೇಳುತ್ತೇನೆ. ನೆಟ್‌ವರ್ಕ್ ಡ್ರೈವರ್‌ಗಳು ಬಂದ ಪ್ಯಾಕೆಟ್ ಮೇಲೆ ಕಳಿಸಲು ಸಂದರ್ಭಕ್ಕೆ ತಕ್ಕ ಹಾಗೆ ನೆಟಿಫ್_ಆರ್‌ಎಕ್ಸ್ ಅಥವಾ ನೆಟಿಫ್_ಆರ್‌ಎಕ್ಸ್_ಎನ್‌ಐ ಎಂದು ಆರಿಸಬೇಕಿತ್ತು, ಆರಿಸಲು ಇನ್_ಇಂಟರಪ್ಟ್ ಕೇಳುತ್ತಿದ್ದರು. 5.18ರಿಂದ ನೆಟಿಫ್_ಆರ್‌ಎಕ್ಸ್ ಒಂದನ್ನೇ ಎಲ್ಲಿಂದ ಬೇಕಾದರೂ ಕರೆಯಬಹುದು. ಡ್ರೈವರ್ ಕೇಳಬೇಕಾಗಿದ್ದ ಪ್ರಶ್ನೆಯೇ ಇಲ್ಲದಂತೆ ಕೆಳಗಿನ ಪದರವನ್ನು ಸರಿಮಾಡಿದರು. ಹೀಗೂ ಒಂದು ದಾರಿ ಇರುತ್ತದೆ ಅಂತ ತಿಳಿಯಲು ಅದನ್ನು ಓದಿ.

---

ದ್ರಾಕ್ಷಿ_ತೋಟ (ವಿಜಯಪುರ)

ವಿದ್ಯಾರ್ಥಿಗೆ: ಎಂಟೆಕ್ ಪ್ರಾಜೆಕ್ಟ್‌ಗೆ ಬೋರ್ಡ್ ಬೇಕಾದರೆ ನನ್ನ ಹತ್ತಿರ ಹಳೆಯ ಪಂಪ್ ಕಂಟ್ರೋಲರ್ ಎರಡು ಬಿದ್ದಿವೆ. ಆ ಇಪೈಪ್ ದಾರಿ ಇನ್ನೂ ಹಾಗೇ ಇರುವ ಕೋಡ್ ಸಮೇತ ಕೊಡುತ್ತೇನೆ, ನೀವೇ ಬೀಳಿಸಿ ನೋಡಬಹುದು. ಮೆಸೇಜ್ ಮಾಡಿ.

---

ಫೌಂಡ್ರಿ_ಹುಡುಗ (ಬೆಳಗಾವಿ)

ಕೊನೆಯ ಸುದ್ದಿ. ಡಿಲೇಡ್_ವರ್ಕ್ ಹಾಕಿದೆ. ಮೊದಲ ಸಲ ನಾನು ಮ್ಯೂಟೆಕ್ಸ್ ಹಿಡಿದೇ ಕ್ಯಾನ್ಸಲ್ ಕರೆದಿದ್ದೆ. ಲಾಕ್‌ಡೆಪ್ ಸರಿಯಾಗಿ ಅದೇ ಜಾಗ ತೋರಿಸಿತು, ಕ್ರಮ ಬದಲಿಸಿದೆ. ಈಗ ಡ್ರೈವರ್ ಒಳಗೆ ಇನ್_ಇಂಟರಪ್ಟ್ ಅಥವಾ ಇನ್_ಅಟಾಮಿಕ್ ಎಂದು ಗ್ರೆಪ್ ಮಾಡಿದರೆ ಒಂದು ಸಾಲೂ ಬರುವುದಿಲ್ಲ.

ಕೇಬಲ್ ಐವತ್ತು ಸಲ ಕಿತ್ತೆ, ಅದರಲ್ಲಿ ಹತ್ತು ಸಲ ಸೀನಿಯರ್ ಅವರೇ ಕಿತ್ತರು. ಫೇಲ್‌ಸ್ಲ್ಯಾಬ್ ಹಚ್ಚಿದಾಗ ಒಂದು ಎರರ್ ದಾರಿಯಲ್ಲಿ ಬಫರ್ ಬಿಡುಗಡೆ ಆಗದೆ ಸೋರುತ್ತಿದ್ದದ್ದು ಸಿಕ್ಕಿತು. ಅದು ಚೆಕ್‌ಗೆ ಸಂಬಂಧ ಇಲ್ಲದ್ದು, ಬೇರೆ ಪ್ಯಾಚ್ ಆಗಿ ಇಟ್ಟಿದ್ದೇನೆ. ಸ್ಲೀಪಿಂಗ್ ಫಂಕ್ಷನ್ ಲಾಗ್ ಮೂರು ದಿನದಿಂದ ಬಂದಿಲ್ಲ.

ಸೀನಿಯರ್ ಇಡೀ ಡಿಫ್ ಓದಿದರು, ನನ್ನ ನೋಟ್‌ಬುಕ್ ಪುಟವನ್ನೂ ಪಕ್ಕದಲ್ಲಿ ಇಟ್ಟುಕೊಂಡು ಒಂದೊಂದು ಗೆರೆ ತಾಳೆ ನೋಡಿದರು. ಆ ಪುಟವನ್ನು ಸ್ಕ್ಯಾನ್ ಮಾಡಿ ಕೋಡ್ ಜೊತೆಗೇ ಇಡು ಅಂದಿದ್ದಾರೆ. ಸೋಮವಾರ ಕ್ಯಾಮರಾ ಓಡುವ ಆ ಫೌಂಡ್ರಿಯ ಪೆಟ್ಟಿಗೆಗೇ ಮೊದಲು ಹಾಕುತ್ತೇವೆ. ಏನಾದರೂ ಬಂದರೆ ಇಲ್ಲೇ ಬರೆಯುತ್ತೇನೆ.